ಸಾಮಾನು ಯಾರದು

ಅವ್ವನ ಪೆಟ್ಟಿಗೆಗೆ ಹೊಸ ಬೀಗ ಬಿದ್ದದ್ದನ್ನು ನಾನು ನೋಡಿದ್ದು ಸಿದ್ದಾಪುರದ ಶಾಲೆಯಲ್ಲಿ ನೌಕರಿಯ ಹುಕುಂ ಬಂದ ಮರುದಿನ. ಅದಕ್ಕೆ ಮೊದಲು ಆ ಪೆಟ್ಟಿಗೆಗೆ ಬೀಗವೇ ಇರಲಿಲ್ಲ. ಕೊಂಡಿಗೆ ಒಂದು ಮುರುಕು ಕಡ್ಡಿ ಸಿಗಿಸಿರುತ್ತಿತ್ತು, ಅಷ್ಟೆ. ಅವ್ವ ಸತ್ತ ಮೇಲೂ ವರ್ಷಗಟ್ಟಲೆ ಅದೇ ಕಡ್ಡಿ. ಬೇಕೆನಿಸಿದಾಗ ನಾನು ಹೋಗಿ ತೆಗೆದು, ಅವಳ ಇಳಕಲ್ ಸೀರೆಯನ್ನು ಮುಟ್ಟಿ ನೋಡಿ, ಮತ್ತೆ ಕಡ್ಡಿ ಸಿಗಿಸಿ ಬರುತ್ತಿದ್ದೆ. ಈಗ ಅಲ್ಲಿ ಹಿತ್ತಾಳೆಯ ಬೀಗ ಹೊಳೆಯುತ್ತಿತ್ತು.

ನಮ್ಮ ಮನೆ ಶಿರಸಿಯ ಪೇಟೆಯಲ್ಲಿ, ಅಪ್ಪನ ಅರಿವೆ ಅಂಗಡಿಯ ಬೆನ್ನಿಗೇ ಇತ್ತು. ಅಪ್ಪ ಬನವಾಸಿ ಕಡೆಯಿಂದ ಬಂದು ವ್ಯಾಪಾರ ಹಿಡಿದವರು. ನಮ್ಮದು ಲಿಂಗವಂತರ ಮನೆ. ನಾನು ಇನ್ನೂ ಲಂಗ ಉಡುವ ವಯಸ್ಸಿನಲ್ಲಿದ್ದಾಗ ಅವ್ವ ಜ್ವರ ಬಂದು ಹೋದಳು. ವರ್ಷ ತುಂಬುವುದರೊಳಗೆ ಅಪ್ಪ ಎರಡನೆಯ ಲಗ್ನವಾದರು. ಬಂದ ಚಿಗವ್ವ ನನಗಿಂತ ತೀರ ದೊಡ್ಡವಳೇನಲ್ಲ, ಅಕ್ಕನ ಹಾಗೆ ಕಾಣುತ್ತಿದ್ದಳು. ನನ್ನನ್ನು ಹೊಡೆದವಳಲ್ಲ, ಬೈದವಳಲ್ಲ. ಹತ್ತಿರವೂ ಬಂದವಳಲ್ಲ. ಒಂದೇ ಅಡಿಗೆಮನೆಯಲ್ಲಿ ನಾವಿಬ್ಬರೂ ಒಬ್ಬರ ಸೆರಗು ಒಬ್ಬರಿಗೆ ತಾಗದ ಹಾಗೆ ಓಡಾಡಿಕೊಂಡಿದ್ದೆವು. ಅವಳಿಗೆ ಒಂದು ಹೆಣ್ಣು, ಒಂದು ಗಂಡು ಹುಟ್ಟಿದವು.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ನನ್ನ ಲಗ್ನದ ಮಾತು ಹಾವೇರಿ ಕಡೆ ಎರಡು ಸಲ ನಡೆದು ಎರಡು ಸಲವೂ ಮುರಿದಿತ್ತು. ವಯಸ್ಸು ಹತ್ತೊಂಬತ್ತಾಗಿತ್ತು. ಪೇಟೆಯ ಹೆಣ್ಣುಮಕ್ಕಳ ಶಾಲೆಯ ದೊಡ್ಡ ಅಕ್ಕೋರು ನನ್ನಿಂದ ಅಕ್ಕೋರ ನೌಕರಿಗೆ ಅರ್ಜಿ ಹಾಕಿಸಿದ್ದರು. ಯಲ್ಲಾಪುರವೋ ಸಿದ್ದಾಪುರವೋ, ಯಾವುದಾದರೂ ಆದೀತೆಂದು ಬರೆದುಕೊಟ್ಟಿದ್ದೆ. ಸಿದ್ದಾಪುರದ ಹುಕುಂ ಬಂದಾಗ ಅಪ್ಪನ ಮುಂದೆ ಹಿಡಿದೆ. ಓದಿ ಮಡಚಿ ವಾಪಸು ಕೊಟ್ಟು, "ನೋಡೋಣು" ಅಂದರು. ನಮ್ಮ ಮನೆಯಲ್ಲಿ "ನೋಡೋಣು" ಅಂದರೆ ಇಲ್ಲ ಅಂತ.

"ನೋಡೂದೇನೈತ್ರೀ, ನಾ ಹೋಗಾಕಿ. ಅವ್ವನ ಸೀರೀ, ಮಷಿನ್ ತಗೊಂಡು ಹೋಗ್ತೀನಿ," ಅಂದೆ. ಅವರು ಅಂಗಡಿಗೆ ನಡೆದರು.

ಮರುದಿನ ಬೀಗ. ಕೀಲಿಕೈ ಚಿಗವ್ವನ ಸೊಂಟದ ಗೊಂಚಲಿನಲ್ಲಿತ್ತು.

ಮಷಿನ್ ಅಂದೆನಲ್ಲ, ಅದು ಕೈಯಿಂದ ತಿರುಗಿಸುವ ಹೊಲಿಗೆ ಮಷಿನ್. ಅಜ್ಜಿ ತನ್ನ ಮಗಳಿಗೆ, ಅಂದರೆ ನನ್ನ ಅವ್ವನಿಗೆ, ಬಾಣಂತನ ಮುಗಿಸಿ ಕಳಿಸುವಾಗ ಕೊಡಿಸಿದ್ದು. ಅದರ ಕಪ್ಪು ಮೈಮೇಲಿನ ಬಂಗಾರಬಣ್ಣದ ಹೂವುಗಳು ಅವ್ವನ ಅಂಗೈ ತಾಗುವ ಕಡೆಯೆಲ್ಲ ಅಳಿಸಿ ಹೋಗಿದ್ದವು. ಅವಳ ತೊಡೆಯ ಮೇಲೆ ಕೂತು ನಾನು ಹಿಡಿಕೆ ತಿರುಗಿಸಲು ಕಲಿತೆ. ಜ್ವರದಲ್ಲಿ ಮಲಗಿದ್ದಾಗ ಒಂದು ದಿನ ಅದರ ಕಡೆ ಬೆರಳು ತೋರಿಸಿ, "ಅದು ನಿಂದು," ಅಂದಿದ್ದಳು. ಆಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ಓಣಿಯ ಅರ್ಧ ಹೆಂಗಸರ ಕುಪ್ಪಸಗಳನ್ನು ನಾನೇ ಅದರ ಮೇಲೆ ಹೊಲಿದುಕೊಟ್ಟೆ.

ಬೀಗ ಕಂಡ ವಾರದೊಳಗೆ ಕಿಟಕಿಯ ಬಳಿಯಿಂದ ಮಷಿನ್ ಮಾಯವಾಯಿತು. ಕೇಳಿದರೆ ಅಪ್ಪ, "ಅಂಗಡ್ಯಾಗ ಇಟ್ಟೀನಿ, ಎಣ್ಣಿ ಹಾಕಸಬೇಕು," ಅಂದರು. ಎಂಟು ವರ್ಷದಿಂದ ಅದಕ್ಕೆ ಎಣ್ಣೆ ಹಾಕುತ್ತಿದ್ದವಳು ನಾನು.

ಆವತ್ತಿನಿಂದ ನನ್ನ ಕಣ್ಣು ಬೇರೆಯಾಯಿತು. ಚಿಗವ್ವ ಅಡಿಗೆಮನೆಯಿಂದ ಹೊರಗೆ ಬಂದರೆ ಯಾವ ಕಡೆ ಹೋದಳು ಎಂದು ನೋಡುತ್ತಿದ್ದೆ. ಅವಳ ಮಗಳು ನನ್ನ ಕೋಣೆಗೆ ಬಂದರೆ, ಕಳಿಸಿದವರು ಯಾರು ಎಂದು ಯೋಚಿಸುತ್ತಿದ್ದೆ. ನನ್ನದೆಂದು ಒಂದು ತಗಡಿನ ಟ್ರಂಕಿತ್ತು, ಹೊಲಿಗೆಯ ಕೂಲಿಯಲ್ಲಿ ಕೊಂಡದ್ದು. ಅದರಲ್ಲಿ ನನ್ನ ಸೀರೆ, ಪುಸ್ತಕ, ಕತ್ತರಿ, ಅಳತೆಯ ಟೇಪು ತುಂಬಿಡತೊಡಗಿದ್ದೆ. ಒಂದು ಸಂಜೆ ಕಪ್ಪು ದಾರದ ಒಂದು ಎಳೆಯನ್ನು ಅದರ ಕೊಂಡಿಗೆ ಸುತ್ತಿಟ್ಟೆ. ಗೊತ್ತಿಲ್ಲದವರಿಗೆ ಕಾಣುವಂತಿರಲಿಲ್ಲ. ಮರುದಿನ ಶಾಲೆಯ ಅಕ್ಕೋರನ್ನು ಕಂಡು ಬಂದು ನೋಡಿದರೆ ಎಳೆ ಹರಿದಿತ್ತು.

ಟ್ರಂಕಿನಲ್ಲಿದ್ದ ಒಂದೊಂದನ್ನೂ ಹೊರಗೆ ಹಾಕಿ ನೋಡಿದೆ. ಏನೂ ಹೋಗಿರಲಿಲ್ಲ. ಅದರಿಂದ ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಏನಾದರೂ ಕದ್ದಿದ್ದರೆ ಕದ್ದದ್ದು ಏನೆಂದಾದರೂ ತಿಳಿಯುತ್ತಿತ್ತು. ಏನೂ ತೆಗೆಯದೆ ಬರೀ ನೋಡಿಹೋದವರು ಏನು ಹುಡುಕುತ್ತಿದ್ದರು? ಮತ್ತೆ ಎಳೆ ಸುತ್ತಿದೆ. ಮತ್ತೆ ಹರಿಯಿತು.

ಅದೇ ಹೊತ್ತಿಗೆ ಚಿಗವ್ವ ಒಂದು ಮಾತು ತೆಗೆದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ತೂಗಾಡುತ್ತಿತ್ತು. ಅದೂ ಅವ್ವ ಮಾಡಿಸಿದ್ದೇ. ಅದರ ಮುಚ್ಚಳದ ತಿರುಪು ಸಡಿಲಾಗಿ ಆಗಾಗ ತಾನೇ ತೆರೆದುಕೊಳ್ಳುತ್ತಿತ್ತು.

"ಕರಡಿಗಿ ತಗದು ಕೊಡು ಯವ್ವಾ," ಅಂದಳು. "ತಿರುಪು ಹೋಗೇತಿ. ಪತ್ತಾರನ ಕಡೆ ಕೊಟ್ಟು ಮಾಡಸ್ತೀನಿ."

ಇಷ್ಟು ವರ್ಷ ಕಾಣದ ತಿರುಪು ಈಗ ಹೇಗೆ ಕಂಡಿತು? "ಬ್ಯಾಡ. ನನಗೇನು ತ್ರಾಸಿಲ್ಲ," ಅಂದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಒಲೆಯೊಳಗೆ ಕಟ್ಟಿಗೆ ತಳ್ಳಿದಳು.

ಹೋಗುವ ದಿನ ಹತ್ತಿರ ಬರುತ್ತಿತ್ತು. ನಾನು ಒಬ್ಬ ವಕೀಲರ ಮನೆಗೆ ಹೋದೆ. ಅವರು ಕೊಂಕಣಿ ಮಾತಾಡುವವರು. ಅವರ ಹೆಂಡತಿಯ ರವಿಕೆಗಳನ್ನು ನಾನೇ ಹೊಲಿದುಕೊಡುತ್ತಿದ್ದುದರಿಂದ ಒಳಗೆ ಹೋಗಲು ಸಂಕೋಚವಿರಲಿಲ್ಲ. ಜಗುಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು.

"ನೋಡು ಹುಡುಗಿ, ನಿನ್ನ ತಾಯಿ ತವರಿಂದ ತಂದದ್ದು ಅವಳ ಸ್ವಂತದ್ದು. ಅವಳ ನಂತರ ಮಗಳಿಗೆ ಬರ್ತದೆ. ನೀನು ಪ್ರಾಯಕ್ಕೆ ಬಂದವಳು, ನಿನ್ನ ಕೈಗೆ ಕೊಟ್ಟದ್ದನ್ನು ಇಟ್ಟುಕೊಳ್ಳೋ ಹಕ್ಕು ಬೇರೆ ಯಾರಿಗೂ ಇಲ್ಲ. ಆದ್ರೆ ಕೊಟ್ಟಾಗ ನೋಡಿದವರು ಯಾರಿದ್ದಾರೆ?"

"ಯಾರೂ ಇಲ್ರಿ. ಅಜ್ಜೀನೂ ಹೋಗ್ಯಾಳ."

"ಎಂತ ಮಾಡೂದು ಹಾಗಾದ್ರೆ?" ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಆಮೇಲೆ, "ದಾವೆ ಗೀವೆ ಬೇಡ. ನಾನು ನಿನ್ನ ಅಪ್ಪನ ಹತ್ರ ಮಾತಾಡ್ತೇನೆ," ಅಂದರು.

ಬೇಡವೆಂದು ಕೈಮುಗಿದು ಹೇಳಿ ಬಂದೆ. ದಾರಿಯುದ್ದಕ್ಕೂ ಅಳುಕಾಯಿತು. ಅವರು ಪಂಚೆ ಕೊಳ್ಳುವುದು ನಮ್ಮ ಅಂಗಡಿಯಲ್ಲೇ. ನನ್ನ ಮಾತನ್ನು ಒಯ್ದು ಅಪ್ಪನ ಮುಂದೆ ಸುರಿಯುವುದಿಲ್ಲವೆಂದು ಹೇಗೆ ನಂಬುವುದು?

ಸುರಿದೇಬಿಟ್ಟರು. ಒಳ್ಳೆಯದಾಗಲೆಂದೇ ಹೇಳಿರಬೇಕು, ಆದರೆ ಗಿರಾಕಿಗಳಿದ್ದಾಗ ಹೇಳಿದರಂತೆ. ಅಪ್ಪ ಸಂಜೆ ಅಂಗಡಿಯಿಂದ ಒಳಗೆ ಬಂದವರು ಕಾಲು ಕೂಡ ತೊಳೆಯಲಿಲ್ಲ.

"ವಕೀಲರ ಮನೀಗೆ ಹೋಗಿದ್ದೇನು?"

"ಹೋಗಿದ್ದೆ."

"ಹೆತ್ತಪ್ಪನ ಮ್ಯಾಲೆ ದಾವಾ ಹೂಡಾಕ?"

"ಅಲ್ರೀ. ಅವ್ವನ ಸಾಮಾನು ನಂದು ಹೌದೋ ಅಲ್ಲೋ ಕೇಳಾಕ."

"ನನ್ನ ಕೇಳಬೇಕಾಗಿತ್ತು."

"ಕೇಳಿದ್ನಲ್ರೀ. ನೋಡೋಣು ಅಂದ್ರಿ. ಮರುದಿನ ಬೀಗ ಬಿತ್ತು."

ಚಿಗವ್ವ ಬಾಗಿಲಲ್ಲಿ ನಿಂತಿದ್ದಳು. ಬೀಗದ ಮಾತು ಬಂದಾಗ ಸೆರಗು ಸರಿಮಾಡಿಕೊಂಡಳು. ಅಪ್ಪನ ದನಿ ಏರಿತು.

"ಲಗ್ನಾ ಆಗಿ ಹೋಗಾಕಿ ಆಗಿದ್ರ ಗಾಡಿ ತುಂಬಿ ಕಳಸ್ತಿದ್ದೆ. ಪಗಾರಕ್ಕ ಹೋಗಾಕಿಗೆ ಏನ್ ಕೊಟ್ಟು ಕಳಸೂದು? ನಾಳೆ ಅಲ್ಲಿ ಏನಾರ ಹೆಚ್ಚುಕಮ್ಮಿ ಆದ್ರ ಯಾರು ಜವಾಬು? ಈ ಮನ್ಯಾಗಿಂದು ಈ ಮನ್ಯಾಗ ಇರ್ತೈತಿ."

"ನನ್ನ ಮೈಮ್ಯಾಲಿಂದೂ ಮನೀದೇನ್ರಿ?"

ಸಿಟ್ಟಿನಲ್ಲಿ ಕೇಳಿದ ಮಾತು ಅದು. ಅವರ ಕಣ್ಣು ನನ್ನ ಕೊರಳಿನ ಕರಡಿಗೆಯ ಮೇಲೆ ನಿಂತಿತು.

"ಲಿಂಗಾ ನಿಂದು," ಅಂದರು. "ಬೆಳ್ಳಿ ಮನೀದು."

ಹೇಳಿದ ಕೂಡಲೇ ಅವರಿಗೂ ಒಂದು ಥರ ಆದಂತೆ ಕಂಡಿತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ಅಲ್ಲೇ ಕೂತೆ. ಕರಡಿಗೆಯ ಮುಚ್ಚಳ ತೆರೆದು ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಹೊಲಿಗೆಯಲ್ಲಿ ಉಳಿದ ಬಿಳಿಯ ಅರಿವೆಯ ಚೂರೊಂದು ಗೂಡಿನಲ್ಲಿತ್ತು. ಅದರಲ್ಲಿ ಲಿಂಗವನ್ನು ಸುತ್ತಿ, ದಾರಕ್ಕೆ ಗಂಟು ಹಾಕಿ, ಕೊರಳಿಗೆ ಕಟ್ಟಿಕೊಂಡೆ. ಖಾಲಿ ಕರಡಿಗೆಯನ್ನು ಅಪ್ಪನ ಮುಂದೆ ಹೊಸ್ತಿಲ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ದಾಟಿಕೊಂಡು ಅಂಗಡಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದೆ, ಹೊಸ್ತಿಲ ಮೇಲೆ ಕರಡಿಗೆ ಇರಲಿಲ್ಲ. ಕೈಗೆ ಬಂತಲ್ಲ, ಇನ್ನು ಪತ್ತಾರನ ಮನೆಗೆ ಹೋಗಿ ಚಿಗವ್ವನ ಮಗಳ ಕಾಲ್ಗೆಜ್ಜೆಯಾಗಲಿ ಎಂದುಕೊಂಡೆ.

ಹೊರಡುವ ಬೆಳಿಗ್ಗೆ ಅಪ್ಪ ಪೂಜೆಗೆ ಕೂತಿದ್ದರು. ಹೋಗಿಬರ್ತೀನಿ ಅಂದೆ. ಕಣ್ಣು ತೆರೆಯಲಿಲ್ಲ. ಚಿಗವ್ವ ಹಿತ್ತಲಲ್ಲೆಲ್ಲೋ ಇದ್ದಳು, ಕರೆದರೂ ಬರಲಿಲ್ಲ. ಟ್ರಂಕಿನ ಮೇಲಿನ ಎಳೆ ಹರಿದಿತ್ತು. ತೆರೆದು ನೋಡಲು ಪುರುಸೊತ್ತಿರಲಿಲ್ಲ, ಹಮಾಲ ಬಂದು ನಿಂತಿದ್ದ. ಅವನು ಟ್ರಂಕು ತಲೆಗೆ ಎತ್ತಿಕೊಂಡು, "ಭಾರ ಐತಲ್ರೀ, ಕಲ್ಲು ತುಂಬೀರೇನು?" ಅಂದ. ನನ್ನ ಸೀರೆಗಳನ್ನು ತೆಗೆದು ಚಿಗವ್ವ ಕಲ್ಲೇ ತುಂಬಿಟ್ಟಿದ್ದಾಳೋ ಏನೋ ಎಂದು ದಾರಿಯಲ್ಲಿ ಒಂದು ಸಲವಲ್ಲ, ಹಲವು ಸಲ ಅನ್ನಿಸಿತು.

ಸಿದ್ದಾಪುರದ ಮೋಟಾರು ನಡೆಸುತ್ತಿದ್ದವರು ನಮ್ಮ ಹಿಂದಿನ ಓಣಿಯ ಸಾಹೇಬರು. ನರೆತ ಗಡ್ಡದ, ಕಡಿಮೆ ಮಾತಿನ ಮನುಷ್ಯ. ನನ್ನ ಟ್ರಂಕನ್ನು ಮೇಲಕ್ಕೆ ಹಾಕಿಸಿದರು. ಮೇಲೆ ಆಗಲೇ ಒಂದು ಗೋಣಿಚೀಲದ ಗಂಟನ್ನು ಹಗ್ಗದಿಂದ ಬಿಗಿದಿದ್ದರು. ನಾನು ಒಳಗೆ ಹೋಗಿ ಕೂತೆ.

ಸಿದ್ದಾಪುರದ ಕಡೆ ರೈತರು ಸರಕಾರಕ್ಕೆ ಭೂಮಿಯ ಕರ ಕೊಡುವುದಿಲ್ಲವೆಂದು ಹಟ ಹಿಡಿದಿದ್ದ ವರ್ಷ ಅದು. ಕದ್ದು ಅಚ್ಚುಮಾಡಿದ ಪತ್ರಿಕೆಗಳು ಊರಿಂದೂರಿಗೆ ಹೋಗುತ್ತಿದ್ದವು. ಅದಕ್ಕೆ ಆ ದಾರಿಯ ಮೋಟಾರುಗಳನ್ನು ಪೊಲೀಸರು ಮನಸ್ಸು ಬಂದಾಗ ನಿಲ್ಲಿಸಿ ನೋಡುತ್ತಿದ್ದರು. ಆವತ್ತು ಹೊರಡುವ ಮೊದಲೇ ಇಬ್ಬರು ಬಂದರು. ಅದೇ ಹೊತ್ತಿಗೆ ಪೇಟೆಯ ಕಡೆಯಿಂದ ಅಪ್ಪ ಬರುವುದು ಕಾಣಿಸಿತು. ಹಣೆಯ ವಿಭೂತಿ ಇನ್ನೂ ಹಸಿಯಿತ್ತು, ಹೆಗಲ ಮೇಲೆ ಅಂಗವಸ್ತ್ರವಿರಲಿಲ್ಲ. ಅಪ್ಪ ಹಾಗೆ ಮನೆಯಿಂದ ಹೊರಗೆ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಪೊಲೀಸ ಗೋಣಿಗಂಟನ್ನು ಕೋಲಿನಿಂದ ತಟ್ಟಿದ. ಠಣ್ ಎಂದಿತು.

"ಏನಿದರಾಗ?"

"ಮಷಿನ್ ಸಾಹೇಬ್," ಅಂದರು ಮೋಟಾರಿನ ಸಾಹೇಬರು.

ಮಷಿನ್ ಅಂದದ್ದೇ ತಡ, ಇಬ್ಬರೂ ಪೊಲೀಸರು ಚುರುಕಾದರು. ಪತ್ರಿಕೆ ಅಚ್ಚುಮಾಡುವ ಮಷಿನ್ನಿಗಾಗಿ ಅವರು ತಿಂಗಳುಗಟ್ಟಲೆ ಹುಡುಕಾಡಿದ್ದರು. "ಯಾರದು?" ಎಂದು ಕೂಗಿದರು.

ಸಾಹೇಬರು ನನ್ನ ಕಡೆ ಕೈ ತೋರಿಸಿದರು. "ಈ ಅಕ್ಕೋರದು."

ನಾನು ಯಾವ ಗೋಣಿಯನ್ನೂ ತಂದಿರಲಿಲ್ಲ. ನನ್ನನ್ನು ಹೋಗದಂತೆ ತಡೆಯಲು ಮನೆಯವರು ಈ ಸಾಹೇಬರನ್ನೂ ಸೇರಿಸಿಕೊಂಡು ಏನೋ ಹೂಡಿದ್ದಾರೆ, ನಾನು ಜೈಲಿಗೆ ಹೋಗಲೆಂದೇ ಮಾಡಿದ್ದಾರೆ ಎಂದು ಆ ಕ್ಷಣ ಖಾತ್ರಿಯಾಗಿ ನಂಬಿದೆ. ನನ್ನನ್ನು ಕೆಳಗಿಳಿಸಿದರು. ಜನ ಸೇರಿದರು. ಗೋಣಿ ಬಿಚ್ಚಿದಾಗ ಹೊರಬಂದದ್ದು ಹೂವು ಅಳಿಸಿದ ನನ್ನ ಹೊಲಿಗೆ ಮಷಿನ್.

ಪೊಲೀಸ ಹಿಡಿಕೆ ತಿರುಗಿಸಿ ನೋಡಿದ. ಸೂಜಿ ಟಕಟಕ ಮೇಲೆ ಕೆಳಗೆ ಆಡಿತು. ಸೇರಿದವರಲ್ಲಿ ಯಾರೋ ನಕ್ಕರು. ಅವನಿಗೆ ಮುಖಭಂಗವಾಗಿರಬೇಕು, "ಆ ಟ್ರಂಕೂ ಇಳಸ್ರಿ," ಅಂದ.

ಟ್ರಂಕು ತೆರೆದರು. ಮೇಲೆ ನನ್ನ ಪುಸ್ತಕಗಳು. ಕೆಳಗೆ ಕೈ ಹಾಕಿ ಅವನು ಎಳೆದದ್ದು ಅವ್ವನ ಇಳಕಲ್ ಸೀರೆ. ಅದರ ಕೆಳಗೆ ಅವ್ವನ ಹಿತ್ತಾಳೆ ತಂಬಿಗೆ, ಅವಳ ಕನ್ನಡಿ, ಅವಳು ಹಾಕಿದ ಕಸೂತಿಯ ಕುಪ್ಪಸ. ಪೆಟ್ಟಿಗೆಯಲ್ಲಿ ಬೀಗದ ಹಿಂದಿದ್ದದ್ದೆಲ್ಲ ಅಲ್ಲಿತ್ತು. ಸೀರೆಯ ಮಡಿಕೆಯಿಂದ ಬೆಳ್ಳಿ ಕರಡಿಗೆ ಜಾರಿ ಕೆಳಗೆ ಬಿತ್ತು. ಪೊಲೀಸ ಅದನ್ನು ಎತ್ತಿ ತೆರೆದು ನೋಡಿದ.

"ಖಾಲಿ ಐತಲ್ಲ. ಲಿಂಗಾ ಎಲ್ಲಿ?"

ಅವನೂ ನಮ್ಮವನೇ ಇದ್ದಿರಬೇಕು, ದನಿ ತಗ್ಗಿತ್ತು. ನಾನು ಎದೆಯ ಮೇಲಿನ ಬಟ್ಟೆಯ ಗಂಟಿಗೆ ಕೈಯಿಟ್ಟೆ. ಅವನು ಅದನ್ನು ನೋಡಿದ, ಬೆಳ್ಳಿಯನ್ನು ನೋಡಿದ, ಅವನಿಗೆ ಹೊಂದಲಿಲ್ಲ.

"ಬೆಳ್ಳಿ ಇದ್ದೂ ಅರಿವ್ಯಾಗ ಕಟಗೊಂಡೀರಿ? ಖರೇ ಹೇಳ್ರಿ. ಈ ಸಾಮಾನು ಯಾರದು?"

ಜನರ ಹಿಂದೆ ಅಪ್ಪ ನಿಂತಿದ್ದರು. ಪೂಜೆ ಮುಗಿಸಿ ಅಂಗಡಿಗೆ ಹೋಗಿ ಮಷಿನ್ ಇಲ್ಲದ್ದನ್ನು ಕಂಡೇ ಅವರು ಓಡಿಬಂದದ್ದೆಂದು ಈಗ ನನಗೆ ಅರ್ಥವಾಯಿತು. ಒಂದು ಮಾತು ಸಾಕಿತ್ತು ಅವರಿಗೆ. ನನ್ನ ಮನೆಯಿಂದ ಕದ್ದು ತಂದಾಳೆ ಅಂದರೆ ಮುಗಿಯುತ್ತಿತ್ತು, ನಾನು ಮೋಟಾರು ಹತ್ತುತ್ತಿರಲಿಲ್ಲ.

"ನಂದು," ಅಂದೆ. ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಅಂದೆ, "ಎಲ್ಲಾ ನಂದು. ನನ್ನ ಅವ್ವ ಕೊಟ್ಟದ್ದು."

ಪೊಲೀಸ ಅಪ್ಪನನ್ನು ಗುರುತಿಸಿದ. "ಸಾವಕಾರ್ರ, ನಿಮ್ಮ ಮಗಳಲ್ರೀ ಇವರು? ಈಕೀ ಹೇಳೂದು ಖರೇ ಏನ್ರಿ?"

ಅಪ್ಪ ನನ್ನ ಕೊರಳಿನ ಗಂಟನ್ನೇ ನೋಡುತ್ತಿದ್ದರು.

"ಹೌದ್ರಿ," ಅಂದರು. "ಎಲ್ಲಾ ಆಕೀವ."

ಅಷ್ಟು ಹೇಳಿ ನಿಲ್ಲಲಿಲ್ಲ. ಬಂದ ದಾರಿಯಲ್ಲೇ ತಿರುಗಿ ನಡೆದರು. ಮೋಟಾರು ಹೊರಟಾಗ ನಾನು ಕಿಟಕಿಯಿಂದ ನೋಡಿದೆ, ಅವರ ಬರಿಯ ಹೆಗಲು ಜನರ ನಡುವೆ ಸ್ವಲ್ಪ ದೂರ ಕಾಣಿಸಿ ಮರೆಯಾಯಿತು. ಮನಸ್ಸಿನಿಂದ ಹೇಳಿದರೋ, ಪೇಟೆಯವರ ಮುಂದೆ ಮಗಳನ್ನು ಕಳ್ಳಿ ಎನ್ನುವುದಕ್ಕೆ ನಾಚಿ ಹೇಳಿದರೋ ಎಂದು ಸಿದ್ದಾಪುರದ ತನಕ ತಿರುವುಹಾಕುತ್ತಲೇ ಇದ್ದೆ. ದಾರಿಯಲ್ಲಿ ಮೋಟಾರು ನೀರಿಗೆಂದು ನಿಂತಾಗ ಸಾಹೇಬರನ್ನು ಕೇಳಿದೆ, ಗೋಣಿ ಯಾರು ಕೊಟ್ಟರೆಂದು.

"ನಿಮ್ಮ ಚಿಕ್ಕಮ್ಮನವರೇ, ಹಿತ್ತಿಲ ಬಾಗಿಲಲ್ಲಿ. ಯಾರಿಗೂ ಹೇಳಬೇಡಿ ಅಂದ್ರು. ಪೊಲೀಸರು ಕೇಳಿದ್ರೆ ಸುಳ್ಳು ಹೇಳೂಕೆ ಆಗ್ತದಾ ಅಕ್ಕೋರೆ?" ಅಂದರು.

ಸಿದ್ದಾಪುರದಲ್ಲಿ ಒಬ್ಬ ಮುದುಕಿಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಸಾಮಾನೆಲ್ಲ ಬಿಚ್ಚಿ ಇಟ್ಟಾಗ ಕರಡಿಗೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ತಿರುಪು ಹೊಸದು. ಮುಚ್ಚಳ ಬಿಗಿಯಾಗಿ ಕೂತಿತು. ಆದರೂ ಲಿಂಗವನ್ನು ಅದಕ್ಕೆ ಕೂಡಲೇ ಹಾಕಲು ಮನಸ್ಸಾಗಲಿಲ್ಲ, ಕೆಲವು ವಾರ ಬಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಚಿಗವ್ವ ಇದನ್ನೆಲ್ಲ ಯಾಕೆ ಮಾಡಿದಳು? ನನ್ನನ್ನು ಕಂಡರೆ ಅಷ್ಟು ಪ್ರೀತಿ ಉಕ್ಕುವವಳಾಗಿದ್ದರೆ ಇಷ್ಟು ವರ್ಷ ಎಲ್ಲಿತ್ತು ಅದು? ಶಾಲೆಯಲ್ಲಿ ಮಕ್ಕಳಿಂದ ಮಗ್ಗಿ ಹೇಳಿಸುವಾಗಲೂ ಇದೇ ಯೋಚನೆ. ಒಳ್ಳೆಯದನ್ನು ಮಾಡಿದವರ ಮೇಲೆ ಬರುವ ಅನುಮಾನ ಕೆಟ್ಟದ್ದು ಮಾಡಿದವರ ಮೇಲಿನದಕ್ಕಿಂತ ಹೆಚ್ಚು ಕಾಡುತ್ತದೆಂದು ಆಗ ತಿಳಿಯಿತು.

ಯುಗಾದಿಗೆ ಬರಬೇಕೆಂದು ಅಪ್ಪ ಮೋಟಾರಿನ ಸಾಹೇಬರ ಬಾಯಲ್ಲಿ ಹೇಳಿಕಳಿಸಿದರು. ಹೋಗಲೋ ಬೇಡವೋ, ಹೋದರೆ ತಿರುಗಿ ಬಿಡುತ್ತಾರೋ ಇಲ್ಲವೋ ಎಂದು ಅಳೆದು ಸುರಿದು, ಕೊನೆಗೆ ಹೋದೆ. ಅಪ್ಪ ಬಾಗಿಲಲ್ಲೇ ಇದ್ದರು. "ಬಂದ್ಯಾ? ಸಾಲಿ ಹ್ಯಾಂಗೈತಿ?" ಅಂದರು. "ಚಲೋ ಐತ್ರಿ," ಅಂದೆ. ಆ ದಿನದ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಅವರು ಇದ್ದಷ್ಟು ವರ್ಷವೂ ಎತ್ತಲಿಲ್ಲ.

ಚಿಗವ್ವ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು. ಮಕ್ಕಳು ಹೊರಗಿದ್ದವು. ನಾನು ಎದುರಿಗೆ ಕೂತು, ಕಣಕದ ಉಂಡೆ ಮಾಡುತ್ತ, ಕೇಳಿಯೇಬಿಟ್ಟೆ.

"ನನ್ನ ಟ್ರಂಕು ಯಾಕ ತಗದು ನೋಡ್ತಿದ್ದಿ?"

"ಎಷ್ಟು ಜಾಗಾ ಉಳದೈತಿ ಅಂತ," ಅಂದಳು, ರುಬ್ಬುವುದನ್ನು ನಿಲ್ಲಿಸದೆ. "ನೀ ದಾರಾ ಬ್ಯಾರೆ ಕಟ್ಟಿ ಇಡ್ತಿದ್ದಿ. ನನಗ ನಗಿ ಬರ್ತಿತ್ತು."

"ಬೀಗಾ?"

"ನಿನ್ನ ಅಪ್ಪ ಹಾಕಂದ್ರು, ಹಾಕಿದೆ. ಕೀಲಿ ನನ್ನ ಕಡೆ ಇದ್ರ ಚಲೋ ಅಲ್ಲೇನು?"

"ನನಗ ಒಂದು ಮಾತು ಹೇಳಬಹುದಾಗಿತ್ತು."

"ಹೇಳಿದ್ರ ನೀ ನಂಬ್ತಿದ್ದೇನು?"

ನಾನು ಕಣಕದ ಇನ್ನೊಂದು ಉಂಡೆ ಕಟ್ಟಿದೆ. ಅವಳು ಕೈಗೆ ಅಂಟಿದ ಹೂರಣವನ್ನು ಒರಳಿನ ಅಂಚಿಗೆ ಒರೆಸಿದಳು.

"ನಾ ಈ ಮನೀಗೆ ಬರುವಾಗ ಒಂದು ಪೆಟ್ಟಿಗಿ ತಂದಿದ್ದೆ. ನಮ್ಮವ್ವ ತುಂಬಿ ಕೊಟ್ಟಿದ್ಲು. ಇಲ್ಲಿ ಇಡೂಣು, ಅಲ್ಲಿ ಇಡೂಣು, ಅಂಗಡ್ಯಾಗ ಜ್ವಾಪಾನ ಇರ್ತೈತಿ ಅಂದ್ರು. ಒಂದೊಂದಽ ಹೋತು. ನಾ ಕೇಳಲಿಲ್ಲ. ಈಗ ಆ ಪೆಟ್ಟಿಗ್ಯಾಗ ಅಂಗಡೀ ಗಜಕಡ್ಡಿ, ಹಳೀ ಗೋಣಿ ಅದಾವು." ಮತ್ತೆ ಗುಂಡಿಗೆ ಕೈ ಹಾಕಿದಳು. "ನೀ ಕೇಳಿದಿ. ಕೇಳಿದಾಕಿಗೆ ಸಿಗ್ಲಿ ಅನಿಸ್ತು."

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವಳಿಗೆ ಕಸಿವಿಸಿಯಾಗಿರಬೇಕು, ಮುಖ ಗಂಟು ಹಾಕಿಕೊಂಡು ಹೇಳಿದಳು:

"ಪೂರಾ ನಿನ್ನ ಸಲುವಾಗಿ ಮಾಡೀನಿ ಅಂತ ತಿಳೀಬ್ಯಾಡ. ಒಂದು ಸಾಮಾನು ಉಳಿದ್ರೂ ಅದರ ನೆವಾ ಮಾಡಿ ನಿನ್ನ ತಿರುಗಿ ಕರಸ್ತಿದ್ರು. ನೀ ಇರೂತನಕಾ ಈ ಮನ್ಯಾಗ ನಿಮ್ಮವ್ವ ಇದ್ದಂಗಽ ಇತ್ತು. ನನಗ ನನ್ನ ಮನಿ ಬೇಕಾಗಿತ್ತು."

ಹೀಗೆ ಮುಖಕ್ಕೆ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಒಬ್ಬರು ಆಡಿದ ಮಾತಿನ ಹಿಂದೆ ಇನ್ನೇನಿದೆಯೋ ಎಂದು ನಾನು ಹುಡುಕಲಿಲ್ಲ.

"ಈಗ ಆತೇನು ನಿನ್ನ ಮನಿ?" ಎಂದು ಕೇಳಿದೆ.

"ಆಗಾಕತ್ತೈತಿ," ಅಂದಳು. ಆಮೇಲೆ ಒರಳಿನಿಂದ ಒಂದಿಷ್ಟು ಹೂರಣ ತೆಗೆದು ನನ್ನ ಕೈಗೆ ಹಾಕಿದಳು. "ಬೆಲ್ಲಾ ಸಾಕೇನು ನೋಡು."

ಬಾಯಿಗೆ ಹಾಕಿಕೊಂಡೆ. ಬೆಲ್ಲ ಕಮ್ಮಿಯಿತ್ತು. ಹೇಳಿದೆ. ಅವಳು ಎದ್ದು ಡಬ್ಬಿ ತರಲು ಒಳಗೆ ಹೋದಳು.